ಓರೆ ಹಲ್ಲು

ಅಕ್ಕನ ಮನೆಯ ಬಚ್ಚಲಲ್ಲಿ ಅವನ ಬ್ರಷ್ಷಿಗೆ ಜಾಗವಿರಲಿಲ್ಲ. ಕನ್ನಡಿಯ ಕೆಳಗೆ ಗೋಡೆಗೆ ಹೊಡೆದಿದ್ದ ಸ್ಟೀಲು ಪಟ್ಟಿಯಲ್ಲಿ ನಾಲ್ಕು ತೂತು, ಮನೆಯಲ್ಲಿ ನಾಲ್ಕು ಜನ. ಅವನು ಬರುವ ಮೊದಲೇ ಲೆಕ್ಕ ಸರಿಹೋಗಿತ್ತು. ಹಾಗಾಗಿ ಅವನು ಬ್ರಷ್ಷನ್ನು ಪೆನ್ನಿನ ಹಾಗೆ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಹೋಗಿ, ಹಲ್ಲುಜ್ಜಿ, ಮತ್ತೆ ಜೇಬಿಗೆ ಸಿಕ್ಕಿಸಿಕೊಂಡೇ ವಾಪಸು ಬರುತ್ತಿದ್ದ. ಐವತ್ತು ದಾಟಿದ ಗಂಡಸು, ತಲೆಯಲ್ಲಿ ಅರ್ಧ ಕೂದಲು, ಎದೆಯ ಮೇಲೆ ಒದ್ದೆ ಬ್ರಷ್ಷು. ಯಾರೂ ಏನೂ ಅಂದಿರಲಿಲ್ಲ. ಅನ್ನದೇ ಇರುವುದೇ ಆ ಮನೆಯ ದೊಡ್ಡಸ್ತಿಕೆ. "ಏಯ್, ಎದ್ಯೇನೋ? ನಿಮ್ಮ ಭಾವ ಸ್ನಾನಕ್ಕೆ ಹೋಗೋಕೆ ಮುಂಚೆ ಮುಗಿಸ್ಕೊಂಡ್ಬಿಡಪ್ಪ," ಎಂದು ಅಕ್ಕ ಅಡುಗೆಮನೆಯಿಂದಲೇ ಕೂಗುತ್ತಿದ್ದಳು, ಆ ಕೂಗಿನಲ್ಲಿ ಪ್ರೀತಿಯೂ ಇತ್ತು, ಗಡಿಯಾರವೂ ಇತ್ತು. ಮನೆಗೆ ಯಾರಾದರೂ ಬಂದರೆ "ನನ್ನ ತಮ್ಮ, ಸ್ವಲ್ಪ ದಿನಕ್ಕೆ ಅಂತ ಬಂದಿದಾನೆ," ಎನ್ನುತ್ತಿದ್ದಳು. ಆ ಸ್ವಲ್ಪ ದಿನಕ್ಕೆ ಮೊನ್ನೆಯಷ್ಟೇ ವರ್ಷ ತುಂಬಿತ್ತು. ವಿಚ್ಛೇದನದ ಕಾಗದ ಕೈಗೆ ಬಂದ ದಿನ ಅವಳು ಅವನ ಬೆನ್ನು ಸವರಿ, "ಹಲ್ಲು ಕಚ್ಚಿಕೊಂಡು ಇದ್ಬಿಡೋ, ಎಲ್ಲಾ ಕಳೆದು ಹೋಗುತ್ತೆ," ಎಂದಿದ್ದಳು. ಹೇಳುವುದು ಸುಲಭ. ಹಲ್ಲು ಕಚ್ಚಿಕೊಂಡು ಇದ್ದವರ ಗತಿ ಏನಾಗುತ್ತದೆಂದು ಅವಳಿಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು: ಮೊದಲು ಹಲ್ಲಿನ ತುದಿ ಸವೆಯುತ್ತದೆ, ಆಮೇಲೆ ದವಡೆ ನೋಯುತ್ತದೆ, ಆಮೇಲೆ ಒಂದೊಂದೇ ಬಿರುಕು. ಹಲ್ಲು ಕಚ್ಚಿಕೊಂಡವರೆಲ್ಲ ಕೊನೆಗೆ ಬರುವುದು ಅವನ ಬೆಂಚಿಗೇ.

ಅವನ ಕಸುಬು ಹಲ್ಲು ಕಟ್ಟುವುದು. ಡಾಕ್ಟರಲ್ಲ. ಡಾಕ್ಟರಮ್ಮ ಮುಂದಿನ ಕೋಣೆಯಲ್ಲಿ, ದೊಡ್ಡ ದೀಪದ ಕೆಳಗೆ, ತಣ್ಣನೆಯ ಗಾಳಿಯಲ್ಲಿ ಜನರ ಬಾಯಿ ತೆರೆಸಿ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಹಿಂದಿನ ಕೋಣೆಯಲ್ಲಿ, ಕಿಟಕಿ ಪಕ್ಕದ ಬೆಂಚಿನ ಮುಂದೆ, ಸ್ಪಿರಿಟ್ ದೀಪ ಹಚ್ಚಿಕೊಂಡು, ಆ ಅಚ್ಚಿನ ಮೇಲೆ ಗುಲಾಬಿ ಮೇಣದಲ್ಲಿ ವಸಡು ಕಟ್ಟಿ ಒಂದೊಂದೇ ಹಲ್ಲು ಕೂರಿಸುತ್ತಾನೆ. ಮೇಣದ ಸೆಟ್ಟನ್ನು ಒಮ್ಮೆ ಬಾಯಿಗೆ ಇಟ್ಟು ನೋಡಿ ಒಪ್ಪಿಗೆಯಾದ ಮೇಲೆ ಗಟ್ಟಿ ಸೆಟ್ಟು. "ನಮ್ಮ ಭಾವಮೈದುನಂದು ಹಲ್ಲು ಗಿಂಜೋ ಕೆಲಸ ಕಣ್ರೀ," ಎಂದು ಭಾವ ನೆಂಟರೆದುರು ನಗುತ್ತಿದ್ದ. ಇವನೂ ನಗುತ್ತಿದ್ದ, ಅನ್ನ ಹಾಕುವವನ ಹಾಸ್ಯಕ್ಕೆ ನಗದಿದ್ದರೆ ಅದೂ ಒಂದು ಮಾತಾಗುತ್ತದೆ. ಬಸ್ಸಿನಲ್ಲಿ ಕೂತರೆ ಎದುರಿನವರ ಬಾಯಿಯೇ ಕಾಣುತ್ತಿತ್ತು. ಈ ಕಂಡಕ್ಟರು ಎಡಗಡೆಯಲ್ಲೇ ಅಗಿಯುತ್ತಾನೆ, ಆ ಹುಡುಗಿ ರಾತ್ರಿ ಹಲ್ಲು ಮಸೆಯುತ್ತಾಳೆ, ಈ ಮುದುಕರದು ಅಗ್ಗದ ಸೆಟ್ಟು, ಮಾತಾಡುವಾಗ ನಾಲಿಗೆಯಿಂದ ಎತ್ತಿ ಹಿಡಿಯುತ್ತಾರೆ. ಬಾಯಿಯ ಮೇಲೆ ಒಂದು ಮೂಗು, ಎರಡು ಕಣ್ಣು ಇರುತ್ತವೆ ಎಂಬುದು ಅವನಿಗೆ ತಡವಾಗಿ ನೆನಪಾಗುತ್ತಿತ್ತು. "ನೀವು ನನ್ನ ಮುಖ ನೋಡಿ ಮಾತಾಡಲ್ಲ, ಬಾಯಿ ನೋಡಿ ಮಾತಾಡ್ತೀರಿ," ಎಂದಿದ್ದಳು ಹೆಂಡತಿ, ಆಗಿನ್ನೂ ಜೊತೆಗಿದ್ದಾಗ. ಒಮ್ಮೆ ಜಗಳದ ನಡುವೆ ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡು, "ಈಗ ಹೇಳಿ, ನಾನು ಸಿಟ್ಟಲ್ಲಿದೀನಾ, ಅಳ್ತಿದೀನಾ?" ಎಂದು ಕೇಳಿದ್ದಳು. ಅಂಗೈಯ ಮೇಲೆ ಉಳಿದ ಅರ್ಧ ಮುಖವನ್ನು ಅವನು ಪರೀಕ್ಷೆಯ ಪ್ರಶ್ನೆಯಂತೆ ನೋಡಿದ್ದ. ಉತ್ತರ ಬಂದಿರಲಿಲ್ಲ. ಅವಳು ಕೈ ತೆಗೆದು, ಹೋಗಿ ಪಾತ್ರೆ ತೊಳೆದಿದ್ದಳು. ಕೋರ್ಟಿನಲ್ಲಿ ಕಾರಣ ಕೇಳಿದಾಗ ಹೊಡೆದ, ಕುಡಿದ ಎಂದು ಏನಾದರೂ ಹೇಳಿಯಾಳೆಂದು ಇವನು ಒಂದು ಥರದ ಆಸೆಯಿಂದಲೇ ಕಾದಿದ್ದ. "ಕಾರಣ ಅಂತೇನಿಲ್ಲ ಮೇಡಂ, ಸಾಕಾಗಿದೆ," ಎಂದಳು, ಅಷ್ಟೇ. ಮಕ್ಕಳಿರಲಿಲ್ಲ, ಪಾಲು ಮಾಡಲು ಇದ್ದದ್ದು ಪಾತ್ರೆ, ಮಂಚ. ಅವನು ಎರಡನ್ನೂ ಬೇಡವೆಂದ.

ಬೇಕಾದದ್ದು ಈ ಬೆಂಚು. ಇದೊಂದು ಉಳಿದರೆ ಬೆಳಿಗ್ಗೆ ಏಳಲಿಕ್ಕೆ ಒಂದು ನೆಪ ಉಳಿಯುತ್ತದೆ. ಇದೂ ಹೋದರೆ ಅಕ್ಕನ ಮನೆಯ ವರಾಂಡದಲ್ಲಿ ಪೇಪರು ಓದುತ್ತ, ಸ್ನಾನದ ಸರದಿ ಕಾಯುತ್ತ ಸಾಯಬೇಕು. ಆ ಬೆಂಚೇ ಈಗ ಅಲುಗಾಡತೊಡಗಿತ್ತು. ಈಚೆಗೆ ಅವನ ಕೈ ಅವನ ಮಾತು ಕೇಳುತ್ತಿರಲಿಲ್ಲ. ಒಬ್ಬ ಮೇಷ್ಟರಿಗೆ ಮೇಲಿನ ಸೆಟ್ಟಿನಲ್ಲಿ ಎರಡು ಬಣ್ಣದ ಹಲ್ಲು ಕೂರಿಸಿದ. ಇನ್ನೊಬ್ಬರಿಗೆ ಹಿಂದಿನ ಹಲ್ಲು ಎತ್ತರವಾಗಿ, ಅವರು ಬಾಯಿ ಮುಚ್ಚಲಾಗದೆ ಒಂದು ವಾರ ಆಶ್ಚರ್ಯಪಟ್ಟವರ ಹಾಗೆ ಓಡಾಡಿದರು. ಡಾಕ್ಟರಮ್ಮ ಕೂಗಾಡುವವರಲ್ಲ. ಮಿಷನ್ನಿನಲ್ಲಿ ಹಲ್ಲು ಕೊರೆದು ಕಳಿಸುವ ಕಂಪನಿಯವನೊಬ್ಬ ಬಂದು ಹೋದ ಸಂಜೆ, ಇವನನ್ನು ಕರೆದು, "ನೋಡಿ, ಆ ಅಜ್ಜಿಯ ಫುಲ್ ಸೆಟ್ ಇದೆಯಲ್ಲ, ಅದು ಸರಿಯಾಗಿ ಬರ್ಲಿ. ಅದಾದ್ಮೇಲೆ ಮಾತಾಡೋಣ," ಎಂದಿದ್ದರು. ಸರಿಯಾಗಿ ಬರದಿದ್ದರೆ ಏನು ಮಾತಾಡುವುದೆಂದು ಕೇಳುವ ಅಗತ್ಯವಿರಲಿಲ್ಲ. ಅಜ್ಜಿಯ ಮಗಳು ತಾಯಿಯ ಹಳೆಯ ಫೋಟೋ ಒಂದನ್ನು ಕೊಟ್ಟಿದ್ದಳು. ಅದನ್ನವನು ಕಿಟಕಿಯ ಸರಳಿಗೆ ಸಿಕ್ಕಿಸಿಕೊಂಡು, ಎರಡು ದಿನ ಬೇರೇನೂ ಮುಟ್ಟದೆ ಕೆಲಸ ಮಾಡಿದ್ದ. ಕಳ್ಳ ಕೈ ಎಂದು ಗೊತ್ತಿದ್ದರಿಂದ ಕೈಯ ಮೇಲೆ ಕಣ್ಣಿಟ್ಟೇ ಮಾಡಿದ್ದ. ಮುಗಿಸಿ, ಬಾಯಿಯ ಹಾಗೆ ತೆರೆದು ಮುಚ್ಚುವ ಕೀಲಿನ ಚೌಕಟ್ಟಿನ ಮೇಲೆ ಮೇಲು ದವಡೆ ಕೆಳ ದವಡೆ ಕೂಡಿಸಿ ಟಕಟಕ ಎನಿಸಿದಾಗ, ಬಹಳ ದಿನಗಳ ಮೇಲೆ, ಇದು ಚೆನ್ನಾಗಿದೆ ಎನಿಸಿತ್ತು. ಚೆನ್ನಾಗಿದೆ ಎನ್ನುವುದಕ್ಕಿಂತ, ಇದನ್ನು ಎಲ್ಲೋ ನೋಡಿದ್ದೇನೆ ಎಂಬ ಹಾಯಾದ ಭಾವನೆ. ಫೋಟೋ ನೋಡಿ ನೋಡಿ ಹಾಗಾಗಿರಬೇಕು ಎಂದುಕೊಂಡ.

"ಸಾರ್, ಡಾಕ್ಟರಮ್ಮ ಕರೀತಿದಾರೆ. ಮುಖ ಸರಿ ಇಲ್ಲ," ಎಂದು ಬಾಗಿಲಲ್ಲಿ ಟೋಕನ್ನು ಇಣುಕಿದಳು. ಹೊರಗೆ ಕೂತು ಟೋಕನ್ ಕೊಡುವ ಹೆಂಗಸಿಗೆ ಎಲ್ಲರೂ ಇಟ್ಟ ಹೆಸರು ಅದು.

"ನನ್ನ ಮುಖಾನಾ?"

"ಅವರದ್ದು ಸಾರ್. ನಿಮ್ಮದು ಯಾವತ್ತು ಸರಿ ಇತ್ತು?"

ಅವನು ಕೈ ಒರೆಸಿಕೊಂಡು ಮುಂದಿನ ಕೋಣೆಗೆ ಹೋದ. ಸಾಮಾನ್ಯವಾಗಿ ಅವನನ್ನು ಅಲ್ಲಿಗೆ ಕರೆಯುತ್ತಿರಲಿಲ್ಲ. ಪ್ಲಾಸ್ಟರಿನ ಧೂಳು ಹಿಡಿದ ಅಂಗಿ, ಚಪ್ಪಲಿ, ಆ ಬಿಳಿ ನೆಲಕ್ಕೆ ಹೊಂದುತ್ತಿರಲಿಲ್ಲ. ಎತ್ತರದ ಕುರ್ಚಿಯಲ್ಲಿ ಕತ್ತಿಗೆ ಕಾಗದದ ಬಟ್ಟೆ ಕಟ್ಟಿಸಿಕೊಂಡು ಅಜ್ಜಿ ಕೂತಿದ್ದಳು, ಕೈಯಲ್ಲಿ ಕನ್ನಡಿ. ಪಕ್ಕದಲ್ಲಿ ಮಗಳು, ಸೊಂಟದ ಮೇಲೆ ಕೈ.

"ನೀವೇನಾ ಮಾಡಿದ್ದು? ಫೋಟೋ ಕೊಟ್ಟಿದ್ವಲ್ರೀ! ನಮ್ಮಮ್ಮನ ಹಲ್ಲು ಪ್ರಾರ್ಥನೆಗೆ ನಿಂತ ಸ್ಕೂಲು ಮಕ್ಕಳ ಥರ ಸಾಲಾಗಿತ್ತು. ಇದು ಯಾರ ಬಾಯಿ? ಅಮ್ಮ, ಇನ್ನೊಂದ್ಸಲ ನಗು, ಇವರು ನೋಡ್ಲಿ."

ಅಜ್ಜಿ ಹೇಳಿಸಿಕೊಳ್ಳುವ ಮೊದಲೇ ನಗುತ್ತಿದ್ದಳು. ಅವನು ನೋಡಿದ. ಎಡಗಡೆ, ಮುಂದಿನ ಎರಡು ದೊಡ್ಡ ಹಲ್ಲಿನ ಪಕ್ಕದ್ದು, ತುಸುವೇ ತಿರುಗಿ, ಬಾಗಿಲ ಮರೆಯಲ್ಲಿ ನಿಂತು ಭುಜ ಮಾತ್ರ ತೋರಿಸುವವರ ಹಾಗೆ ಪಕ್ಕದ ಹಲ್ಲಿನ ಮೇಲೆ ಅಂಚು ಚಾಚಿಕೊಂಡಿತ್ತು. ಅದು ಹೆಂಡತಿಯಾಗಿದ್ದವಳ ಹಲ್ಲು. ಮದುವೆಯಾಗಿ ವಾರವೂ ಆಗಿರಲಿಲ್ಲ, ಅವಳ ತವರಿನ ನಡುಮನೆಯಲ್ಲಿ ಅಕ್ಕತಂಗಿಯರು, ಚಿಕ್ಕಮ್ಮಂದಿರು ಸುತ್ತ ಕೂತಿದ್ದರು; ಹೊಸ ಅಳಿಯ ತನ್ನ ಕಸುಬಿನ ಜಾಣತನ ತೋರಿಸಬೇಕಲ್ಲ. "ಇವಳದ್ದು ಆ ಪಕ್ಕದ ಹಲ್ಲು ಒಂಚೂರು ಓರೆ ಇದೆ, ನೋಡಿದ್ದೀರಾ? ಚಿಂತೆ ಬೇಡ, ನಮ್ಮ ಅಂಗಡಿ ಮಾಲೇ, ಒಂದು ಕ್ಯಾಪ್ ಹಾಕಿದ್ರೆ ಸರಿಹೋಗುತ್ತೆ," ಎಂದಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು, ಕೈಯನ್ನು ಬಾಯಿಗೆ ಅಡ್ಡ ಹಿಡಿದು. ಆ ಕೈ ಆಮೇಲೆ ಇಳಿಯಲಿಲ್ಲ. ಸಿನಿಮಾದಲ್ಲಿ, ಮದುವೆಮನೆಗಳಲ್ಲಿ, ಅಪರೂಪಕ್ಕೆ ಅವನೇ ನಗಿಸಿದಾಗ, ನಗುವಿಗಿಂತ ಮೊದಲು ಕೈ ಬರುತ್ತಿತ್ತು. ನಾಚಿಕೆಯ ಸ್ವಭಾವ ಎಂದುಕೊಂಡೇ ಅವನು ಅಷ್ಟೂ ವರ್ಷ ಸಂಸಾರ ಮಾಡಿದ್ದ. ಹೋದ ವಾರ ಹಣ್ಣಿನ ಅಂಗಡಿಯ ಮುಂದೆ ಅವಳನ್ನು ದೂರದಿಂದ ಕಂಡ. ಜೊತೆಗೆ ಕೆಲಸ ಮಾಡುವವಳಿರಬೇಕು, ಒಬ್ಬ ಹೆಂಗಸು ಏನೋ ಹೇಳುತ್ತಿದ್ದಳು. ಇವಳು ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತುಂಬ ನಗುತ್ತಿದ್ದಳು. ಒಂದು ಕೈಯಲ್ಲಿ ಚೀಲವಿತ್ತು. ಇನ್ನೊಂದು ಖಾಲಿಯಿತ್ತು. ಆ ಖಾಲಿ ಕೈ ಸುಮ್ಮನೆ ಪಕ್ಕದಲ್ಲಿ ತೂಗಾಡುತ್ತಿತ್ತು. ಅವನು ರಸ್ತೆಬದಿಯಲ್ಲಿದ್ದ ವ್ಯಾನೊಂದರ ಮರೆಗೆ ಸರಿದು, ಕಳ್ಳನ ಹಾಗೆ, ಅವಳು ಹೋಗುವವರೆಗೂ ಚಕ್ರ ನೋಡುತ್ತ ನಿಂತಿದ್ದ. ಮಾರನೆಯ ಬೆಳಿಗ್ಗೆ ಅಜ್ಜಿಯ ಮುಂದಿನ ಹಲ್ಲು ಕೂರಿಸಿದ್ದು.

"ನಿಂಗ್ಯಾಕೆ ಹೊಟ್ಟೆ ಉರಿ?" ಎಂದು ಅಜ್ಜಿ ಮಗಳಿಗೆ ಹೇಳುತ್ತಿದ್ದಳು, ಮೇಣದ ವಸಡು ಜಾರದಂತೆ ನಾಜೂಕಾಗಿ. "ನಂಗೆ ಇದೇ ಇರ್ಲಿ."

"ಅಮ್ಮಾ, ನಿಂಗೆ ಎಂಬತ್ತು."

"ಎಂಬತ್ತಾದ್ಮೇಲೆ ಚೆಂದ ಕಾಣಬಾರ್ದು ಅಂತ ಯಾರು ಹೇಳಿದ್ದು? ನಾನು ನಕ್ಕಾಗ ನಿಮ್ಮಪ್ಪ ಒಂದಿನ ತಿರುಗಿ ನೋಡಿದ್ರಾ? ಈ ಹಲ್ಲಿದ್ದಿದ್ರೆ ನೋಡ್ತಿದ್ರು. ಏನೋ ಒಂದು ತುಂಟತನ ಇದೆ ಇದ್ರಲ್ಲಿ."

"ನೀನು ನನ್ನಮ್ಮನ ಥರ ಕಾಣ್ತಿಲ್ಲ. ಯಾರೋ ನೆಂಟರು ಬಂದು ಕೂತ ಹಾಗಿದೆ."

"ಒಳ್ಳೇದಾಯ್ತು. ನೆಂಟರಿಗೆ ಕೊಡೋ ಮರ್ಯಾದೇನಾದ್ರೂ ಕೊಡು."

ಡಾಕ್ಟರಮ್ಮ ನಕ್ಕರು. ಮುಖಗವಸು ಕೆಳಗೆಳೆದುಕೊಂಡು, ಅಜ್ಜಿಗೆ ಕಚ್ಚಿ ತೋರಿಸಲು ಹೇಳಿ, ಒಂದರಿಂದ ಹತ್ತು ಎಣಿಸಲು ಹೇಳಿ, ಇವನ ಕಡೆ ತಿರುಗಿದರು. "ಕಚ್ಚು ಸರಿಯಾಗಿ ಕೂತಿದೆ, ಮಾತೂ ಸರಿಯಾಗಿದೆ. ಅಜ್ಜಿಗೆ ಇಷ್ಟವೂ ಆಗಿದೆ. ಎಲ್ಲಾ ನೆಟ್ಟಗಿದ್ರೆ ಕಟ್ಟಿಸಿದ ಹಲ್ಲು ಅಂತ ಗೊತ್ತಾಗಿಬಿಡುತ್ತೆ ಅಂತ ನೀವೇ ಬೇಕಂತ ಒಂಚೂರು ತಿರುಗಿಸಿದ್ದು, ಅಲ್ವಾ?"

ಅವರ ಹುಬ್ಬು ಮೇಲೇರಿತ್ತು. ಬಾಗಿಲು ತೆರೆದು ಹಿಡಿದಿದ್ದರು, ಪುಣ್ಯಾತ್ಗಿತ್ತಿ. ಇವನು ಹೂಂ ಎಂದರೆ ಸಾಕು. ಬೆಂಚು ಉಳಿಯುತ್ತದೆ, ತಪ್ಪು ಜಾಣ್ಮೆಯಾಗುತ್ತದೆ. ಅಷ್ಟೇ ಅಲ್ಲ. ಅಜ್ಜಿಯ ಮುಖದಲ್ಲಿ ಅವನ ಕಣ್ಣು ನೆಟ್ಟುಹೋಗಿತ್ತು. ಬಿಳಿ ಕೂದಲು, ಸುಕ್ಕುಗಟ್ಟಿದ ತುಟಿ, ನಡುವೆ ಆ ಹಲ್ಲು. ಆ ಹಲ್ಲಿನವಳು ಎಂಬತ್ತಕ್ಕೆ ಹೀಗಿರುತ್ತಾಳೆ. ಅದನ್ನು ನೋಡುವ ಹಕ್ಕು ಯಾರಿಗಿರುತ್ತದೋ, ತನಗಂತೂ ಇಲ್ಲ ಎಂದು ಕಾಗದದಲ್ಲಿ ಬರೆದು ಸಹಿ ಮಾಡಿಕೊಟ್ಟಿದ್ದ. ಮತ್ತೆ ಅದು ಇಲ್ಲಿ, ಕೈಗೆಟಕುವ ದೂರದಲ್ಲಿ, ಕೈ ಅಡ್ಡ ಹಿಡಿಯದೆ ನಗುತ್ತಿತ್ತು. ಹೂಂ ಎಂದರೆ ಈ ನಗು ಊರಲ್ಲೇ ಓಡಾಡಿಕೊಂಡಿರುತ್ತದೆ. ವಸಡು ಒತ್ತುತ್ತದೆಂದು ಬರುತ್ತದೆ, ಸಡಿಲವಾಯಿತೆಂದು ಬರುತ್ತದೆ. ಅವನು ಸೆಟ್ಟನ್ನು ಕೈಯಲ್ಲಿ ಹಿಡಿದು ಉಜ್ಜಿ ಕೊಡುತ್ತಾನೆ. ಯಾರಿಗೂ ಗೊತ್ತಾಗುವುದಿಲ್ಲ. ಅವಳಿಗಂತೂ ಎಂದೆಂದಿಗೂ ಗೊತ್ತಾಗುವುದಿಲ್ಲ. ಇದಕ್ಕಿಂತ ಅಗ್ಗವಾಗಿ ಮನುಷ್ಯನಿಗೆ ಇನ್ನೇನು ಸಿಕ್ಕೀತು? ಹೂಂ ಎನ್ನಲು ಬಾಯಿ ತೆರೆದ.

"ಇಲ್ಲ ಡಾಕ್ಟ್ರೇ. ತಪ್ಪಾಗಿದೆ."

ಎಂಜಲು ಎಳೆಯುವ ಕೊಳವೆ ಮಾತ್ರ ಗೊರಗೊರ ಎನ್ನುತ್ತಿತ್ತು.

"ಬೇಕಂತ ಮಾಡಿದ್ದಲ್ಲ. ಕೈ ತಪ್ಪಿತು. ತಿದ್ದಿ ಕೊಡ್ತೀನಿ."

"ಅಯ್ಯೋ, ಎಂಥ ಮನುಷ್ಯನಪ್ಪಾ ನೀನು!" ಅಜ್ಜಿ ಕನ್ನಡಿಯನ್ನು ತೊಡೆಯ ಮೇಲೆ ಕುಕ್ಕಿದಳು. "ಗಿರಾಕಿ ಚೆನ್ನಾಗಿದೆ ಅಂದ್ರೆ ಅಂಗಡಿಯವನು ಕೆಟ್ಟಿದೆ ಅಂತಾನೆ!"

"ಅದು ಬೇರೆಯವರ ಹಲ್ಲು, ಅಜ್ಜಿ."

"ಬೇರೆಯವರು ಅಂದ್ರೆ? ಸತ್ತೋರದಾ?"

"ಇಲ್ಲ. ಇದಾರೆ. ಚೆನ್ನಾಗಿದಾರೆ."

"ಹಾಗಾದ್ರೆ ಅವರನ್ನೇ ಒಂದು ಮಾತು ಕೇಳು, ಇರ್ಲಿ ಬಿಡಿ ಅಂತಾರೇನೋ."

"ಕೇಳೋ ಹಾಗಿಲ್ಲ."

ಮಗಳು, "ನೋಡಿದ್ಯಾ, ನಾನು ಹೇಳಲಿಲ್ವಾ?" ಎಂದು ಗೆದ್ದವಳ ದನಿಯಲ್ಲಿ ಹೊರಗೆ ಕಾಯುತ್ತಿದ್ದವರಿಗೂ ಕೇಳುವ ಹಾಗೆ ಹೇಳಿದಳು. ಡಾಕ್ಟರಮ್ಮ ಮುಖಗವಸು ಮೇಲಕ್ಕೆಳೆದುಕೊಂಡರು. ಅದರ ಮೇಲೆ ಉಳಿದ ಎರಡು ಕಣ್ಣುಗಳಲ್ಲಿ ಏನಿತ್ತೆಂದು ಅವನಿಗೆ ಓದಲಾಗಲಿಲ್ಲ. ಅವನಿಗೆ ಅದು ಯಾವತ್ತು ಬಂದಿತ್ತು?

ಇದರಲ್ಲಿ ದೊಡ್ಡತನವೇನೂ ಇರಲಿಲ್ಲ. ಬೆಂಚಿಗೆ ವಾಪಸು ಬಂದು ಕೂತಾಗ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಬಾಯಿಗೆ ಬಂದ ತುತ್ತನ್ನು ಉಗುಳಿದ್ದೇಕೆ? ಯಾರು ಕೇಳಿದ್ದರು? ಅವಳು ಕೇಳಿದ್ದಳೇ? ಅವಳಿಗೆ ಕೇಳಿಸಿದರೆ, "ಅಂತೂ ಕೊನೆಗೆ ಆ ಹಲ್ಲು ನೆಟ್ಟಗೆ ಮಾಡಿದ್ರಿ," ಎಂದು ನಕ್ಕಾಳು. ಅದೂ ನಿಜವೇ. ಚಾಕುವನ್ನು ದೀಪಕ್ಕೆ ಹಿಡಿದಾಗ ಅವನಿಗೆ ತಾನು ಮಾಡಲಿರುವುದು ಏನೆಂದು ಗೊತ್ತಾಗಿ ಕೈ ನಿಂತಿತು. ಅಂದು ನಡುಮನೆಯಲ್ಲಿ ಹೆಮ್ಮೆಯಿಂದ ಹೇಳಿದ ಕೆಲಸವೇ ಇದು. ಆದರೆ ಆ ಹಲ್ಲು ಅವಳ ಬಾಯಿಯಲ್ಲಿ ಮಾತ್ರ ಅವಳದ್ದು. ಅದನ್ನು ಅವಳಿಂದ ಒಮ್ಮೆ ಕಿತ್ತುಕೊಂಡದ್ದಾಗಿತ್ತು, ವರ್ಷಗಟ್ಟಲೆ ಕೈಯಿಂದ ಮುಚ್ಚಿಸಿದ್ದಾಗಿತ್ತು, ಈಗ ಅವಳಿಗೆ ಅದು ವಾಪಸು ಸಿಕ್ಕಿದ ಮೇಲೆ ಕದ್ದು ತಂದು ಇನ್ನೊಬ್ಬರ ಬಾಯಿಗೆ ಹಚ್ಚಿ, ತಾನು ದಿನಾ ನೋಡಿಕೊಂಡು ಕೂರುವುದೆಂದರೆ? ಥೂ. ಅವನು ಬಿಸಿ ಚಾಕುವನ್ನು ಹಲ್ಲಿನ ಬುಡದ ಮೇಣಕ್ಕೆ ತಾಗಿಸಿದ. ಮೇಣ ಬೆವರಿತು, ಸಡಿಲವಾಯಿತು. ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ತಿರುಗಿಸಿದ. ಹೆಚ್ಚಾಯಿತು, ಈಗ ಅತ್ತ ಕಡೆ ಓರೆ. ಮತ್ತೆ ಬಿಸಿ, ಮತ್ತೆ ತಿರುಗಿಸಿದ, ಈ ಸಲ ಮೇಣ ಹೆಚ್ಚು ಕರಗಿ ಹಲ್ಲು ಉದುರಿ ಬೆಂಚಿನ ಕೆಳಗೆ ಹೋಯಿತು. ಐವತ್ತು ದಾಟಿದವನು ಮಂಡಿಯೂರಿ, ಪ್ಲಾಸ್ಟರಿನ ಪುಡಿಯಲ್ಲಿ ಬಿಳಿಯದರ ಮೇಲೆ ಬಿಳಿಯದನ್ನು ಹುಡುಕಿದ. ಅಳು ಬಂದರೆ ಬರಲಿ ಎಂದುಕೊಂಡ, ಬರಲಿಲ್ಲ, ಮಂಡಿ ನೋಯುತ್ತಿತ್ತು ಅಷ್ಟೇ. ಸಿಕ್ಕಿತು. ತೊಳೆದು, ಒರೆಸಿ, ಫೋಟೋ ನೋಡಿ ಕೂರಿಸಿದ. ಸರಿಯಾಗಲಿಲ್ಲ. ತೆಗೆದು ಮತ್ತೆ ಕೂರಿಸಿದ. ಎಷ್ಟು ಸಲವೋ. ಊಟದ ಹೊತ್ತು ಬಂದು ಹೋಯಿತು. ಕೊನೆಗೊಮ್ಮೆ ಅದು ಸಾಲಿನಲ್ಲಿ ನಿಂತಿತು, ಎಲ್ಲ ಹಲ್ಲಿನ ಹಾಗೆ, ಹೇಳಿಕೊಳ್ಳಲು ಏನೂ ಇಲ್ಲದ ಹಾಗೆ.

ಎರಡನೇ ಸಲ ಅವನನ್ನು ಒಳಗೆ ಕರೆಯಲಿಲ್ಲ. ಬಾಗಿಲ ಸಂದಿಯಿಂದ ಕೇಳಿಸಿಕೊಂಡ. ಕನ್ನಡಿ ಎತ್ತಿಕೊಂಡ ಸದ್ದಾಯಿತು. ಆಮೇಲೆ ಅಜ್ಜಿ, "ಹೂಂ. ಇದು ನಾನೇ. ಹಾಳಾಗಿ ಹೋಗ್ಲಿ," ಎಂದಳು. ಮಗಳು, "ಬಂದ್ಲು ನೋಡಿ ನಮ್ಮಮ್ಮ," ಎಂದು ನಗುತ್ತಲೇ ಮೂಗು ಸೀಟಿದಳು.

ಡಾಕ್ಟರಮ್ಮ ತಾವೇ ಹಿಂದಿನ ಕೋಣೆಗೆ ಬಂದರು. ಕೂರಲು ಇನ್ನೊಂದು ಸ್ಟೂಲಿರಲಿಲ್ಲ, ನಿಂತೇ ಮಾತಾಡಿದರು.

"ಅಜ್ಜಿ ಸೆಟ್ಟು ಚೆನ್ನಾಗಿದೆ. ಮುಗಿಸಿಬಿಡಿ."

"ಸರಿ."

"ಬೆಳಿಗ್ಗೆ ನೀವು ಸುಮ್ನೆ ಹೂಂ ಅಂದಿದ್ರೆ ನಾನೂ ಸುಮ್ನಿರ್ತಿದ್ದೆ. ಈಗ ಹೊರಗಡೆ ಕೂತಿದ್ದವರೆಲ್ಲ, ನಮ್ಮ ಹಲ್ಲೂ ಅವರೇ ಮಾಡೋದಾ ಅಂತ ಕೇಳ್ತಿದಾರೆ." ಅವರು ಕಿಟಕಿಯ ಹೊರಗೆ ನೋಡಿದರು. "ಇನ್ಮೇಲೆ ಫುಲ್ ಸೆಟ್ ಎಲ್ಲಾ ಹೊರಗಡೆ ಕೊಡ್ತೀನಿ. ಮಿಷನ್ನಿನವರಿಗೆ. ರಿಪೇರಿ ಬಂದ್ರೆ ನಿಮಗೆ ಫೋನ್ ಮಾಡಿಸ್ತೀನಿ."

ಅವನು ಚಾಕುವಿನ ಮೇಣ ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸಿದ. ಅಂದುಕೊಂಡದ್ದೇ ಆಗಿತ್ತು.

"ಫೋನ್ ಬೇಡ ಡಾಕ್ಟ್ರೇ. ನಾನು ದಿನಾ ಬರ್ತೀನಿ."

"ದಿನಾ ಕೆಲಸ ಇರಲ್ಲ, ಅದನ್ನೇ ನಾನು ಹೇಳ್ತಿರೋದು."

"ಇಲ್ಲದಿದ್ರೆ ಬೆಂಚು ಒರೆಸ್ತೀನಿ."

"ಸುಮ್ನೆ ಬಂದು ಕೂರ್ತೀರಾ?"

"ಕೂರ್ತೀನಿ."

ಅವರು ಅವನ ತಲೆಯ ಮೇಲಿನ ಗೋಡೆ ನೋಡಿ, "ನಿಮ್ಮಿಷ್ಟ," ಎಂದರು. ಹೇಳಿದ ಮಾತು ಕೇಳದವರಿಗೆ ಹೇಳುವ ನಿಮ್ಮಿಷ್ಟ. ಬೇಡವೆಂದಂತೂ ಅಲ್ಲ. ಬಾಗಿಲಾಚೆ ಟೋಕನ್ನು ಎಲ್ಲಾ ಕೇಳಿಸಿಕೊಂಡು, ಕೇಳಿಸಿಕೊಳ್ಳದವಳ ಹಾಗೆ ದೊಡ್ಡ ದನಿಯಲ್ಲಿ ಯಾರನ್ನೋ ಕೂಗುತ್ತಿದ್ದಳು.

ಅವನು ಪ್ಲಾಸ್ಟರು ಕಲಸಿದ. ಮೇಣದ ಸೆಟ್ಟನ್ನು ಹಿತ್ತಾಳೆಯ ಅಚ್ಚುಪೆಟ್ಟಿಗೆಯ ಕೆಳಹೋಳಿನಲ್ಲಿ ಕೂರಿಸಿ, ಮೇಲುಹೋಳಿಗೆ ಪ್ಲಾಸ್ಟರು ಸುರಿದು ಮುಚ್ಚಿ, ಅದು ಬಿಗಿಯುವವರೆಗೆ ಕೈಕಟ್ಟಿ ಕೂತ. ಕಣ್ಣು ಮುಚ್ಚಿ ಅವಳ ಮುಖ ತಂದುಕೊಳ್ಳಲು ನೋಡಿದ, ಬಾಯಿ ಬರಲಿಲ್ಲ, ಕಣ್ಣು ಮೊದಲೇ ಗೊತ್ತಿರಲಿಲ್ಲ. ನಾಳೆ ಏನು ಎಂದು ಕೇಳಿಕೊಂಡ, ನಾಳೆ ಬೆಂಚು ಒರೆಸುವುದು, ನಾಡಿದ್ದು? ಒರೆಸುವುದು. ಅದರಾಚೆ ತಲೆ ಓಡಲಿಲ್ಲ. ಬಿಗಿದ ಪೆಟ್ಟಿಗೆಯನ್ನು ಕುದಿಯುವ ನೀರಿನಲ್ಲಿಟ್ಟು, ಎತ್ತಿ, ಬಿಡಿಸಿ, ಮೇಲೆ ಕೊತಕೊತ ಕುದಿಯುವ ನೀರು ಸುರಿದ. ಮೇಣವೆಲ್ಲ ಗುಲಾಬಿ ನೀರಾಗಿ ಹರಿದು ತೊಟ್ಟಿಗೆ ಹೋಯಿತು. ವಸಡಿಲ್ಲದ ಹಲ್ಲುಗಳು ಬುಡ ಮೇಲಾಗಿ, ತಲೆಕೆಳಗಾಗಿ, ಪ್ಲಾಸ್ಟರನ್ನು ಕಚ್ಚಿಕೊಂಡು ಉಳಿದವು. ಅವನು ಬಗ್ಗಿ, ಉಸಿರಿನ ಹಬೆ ತಾಗುವಷ್ಟು ಹತ್ತಿರದಿಂದ, ಅದು ಯಾವುದೆಂದು ಹುಡುಕಿದ. ಎಡದಿಂದ ಎಣಿಸಿದ, ತಲೆಕೆಳಗಾಗಿದ್ದರಿಂದ ಎಡ ಯಾವುದು ಬಲ ಯಾವುದು ಎಂದು ಗೊಂದಲವಾಗಿ ಇನ್ನೊಂದು ಕಡೆಯಿಂದ ಎಣಿಸಿದ. ಎರಡೂ ಒಂದೇ ಥರ ಇದ್ದವು. ಓರೆಯಾಗಿದ್ದದ್ದು ಯಾವುದೆಂದು ಈಗ ಅವನಿಗೇ ಹೇಳಲಾಗಲಿಲ್ಲ.

ಗಟ್ಟಿ ವಸಡಿಗೆಂದು ಬಟ್ಟಲಿನಲ್ಲಿ ಕಲಸಿಟ್ಟಿದ್ದ ಗುಲಾಬಿ ಹಿಟ್ಟು ಹದಕ್ಕೆ ಬಂದಿತ್ತು. ತಡ ಮಾಡಿದರೆ ಗಟ್ಟಿಯಾಗುತ್ತದೆ. ಅವನು ಮೇಣ ಹೋದ ಜಾಗಕ್ಕೆ ಅದನ್ನು ತುಂಬತೊಡಗಿದ.